ಎಲ್ಲ ಮಾಲಿಗೂ ಜಕಾತಿ

ಪ್ರಭುಲಿಂಗಪ್ಪ: ಪ್ಲಾಸ್ಟಿಕ್ ಹಾರಕ್ಕಷ್ಟ ಅಂದರ ಹೆಂಗೋ ದಾದಾಸಾಬ? ಹೊರಗಿಂದ ಊರಾಗ ಬರೋ ಎಲ್ಲಾ ಮಾಲಿಗೂ ಜಕಾತಿ! ಆರಿಸಿ ಬಂದ ಮರುದಿನಾನ ಊರ ಬಾಗಲದಾಗ ಹಳೇ ಜಕಾತಿ ನಾಕಾ ಮತ್ತ ಎಬ್ಬಸ್ತೀನಿ.

ಹಾವೇರಿ ಪುರಸಭೆಯ ಚುನಾವಣೆಗೆ ನಿಂತ ಪ್ರಭುಲಿಂಗಪ್ಪ ಹೀಗೆ ಗುಡುಗಿದ್ದು ಯಾಲಕ್ಕಿ ಹಾರ ಮಾಡುವ ದಾದಾಸಾಬನ ಪಡಸಾಲೆಯಲ್ಲಿ. ಮುಂಬಯಿಯ ಪ್ಲಾಸ್ಟಿಕ್ ಹಾರ ಪೇಟೆಗೆ ಇಳಿದಾಗಿನಿಂದ ದಾದಾಸಾಬನ ಹಾರಗಳು ಗೂಟಕ್ಕೆ ಜೋತುಬಿದ್ದು ಧೂಳು ತಿನ್ನುತ್ತಿದ್ದವು. ಈ ಮಾತು ಕೇಳಿ ಅವನ ಎದೆ ಹಿಗ್ಗಿ ಅಂಗಿಯ ಗುಂಡಿ ಬಿಗಿಯಾಯಿತು. ಎಲ್ಲಕ್ಕಿಂತ ದೊಡ್ಡ ಹಾರವನ್ನು ಗೂಟದಿಂದ ಇಳಿಸಿಯೇ ಬಿಟ್ಟ.

ದಾದಾಸಾಬ: ನಾಳಿನ ಸಭಾಕ್ಕ ಇದು ನಿಮ್ಮ ಕೊರಳಿಗೆ, ಸಾವಕಾರ್ರ. ಪುಕ್ಕಟ! ನಮ್ಮ ಓಣಿ ಓಟೂ ನಿಮಗ!

ಅವನ ಹೆಂಡತಿ ರಹಿಮತಬಿ ಚಹಾ ತಂದಿಟ್ಟಳು.

ರಹಿಮತಬಿ: ಯಾಲಕ್ಕಿ ಏನು ನಮ್ಮ ಹಿತ್ತಲದಾಗ ಬೆಳಿತೈತೇನ್ರಿ? ಘಟ್ಟದಿಂದ ಬರತೈತಿ. ಜರಿ ಸೂರತ್ತಿನಿಂದ.

ದಾದಾಸಾಬ: ಹೌದಲ್ಲ! ಸಾವಕಾರ್ರ, ಯಾಲಕ್ಕಿ ಒಂದನ್ನ ಬಿಟ್ಟುಬಿಡ್ರಿ. ಜರೀನೂ.

ಪ್ರಭುಲಿಂಗಪ್ಪ: ಬಿಟ್ಟೆ, ತಗೋ. ಮುಂಜಾನೆ ಬೇಕರಿ ಉಡಚಪ್ಪ ಮೈದಾಕ್ಕ ಮಾಫಿ ತಗೊಂಡು ಹೋದ. ಕಟಿಂಗ್ ಅಂಗಡಿಯವ ಅರ್ಧಾ ಗಡ್ಡ ಕೆರೆದು ನಿಂತು, ಬ್ಲೇಡಿಗೆ ಮಾಫಿ ಕೊಡ್ರಿ ಅಂದ. ಬ್ಲೇಡು ನನ್ನ ಗಂಟಲ ಮ್ಯಾಲಿತ್ತು. ಕೊಡದ ಏನ್ಮಾಡ್ಲಿ?

ರಹಿಮತಬಿ: ತಮ್ಮ ಮಾಲಿಗೆ ಜಕಾತಿ ಬಿತ್ತಂತ ಬ್ಯಾಡಗಿಯವರು ಸಿಟ್ಟಿಗೆದ್ದು ನಮ್ಮ ಹಾರಕ್ಕ ಜಕಾತಿ ಹಾಕಿದರ?

ಪ್ರಭುಲಿಂಗಪ್ಪ: ಹಾಕ್ಲಿ! ಅವರ ಮೆಣಸಿನಕಾಯಿಗೆ ನಾವು ಎರಡರಷ್ಟು ಹಾಕ್ತೀವಿ!

ರಹಿಮತಬಿ: ಹಾಕ್ರಿ. ಸಾರು ಸಪ್ಪಗಾದ ಮ್ಯಾಲ ಊರ ಹೆಂಗಸರು ನಿಮಗ ಓಟು ಒತ್ತತಾರೋ, ಇಲ್ಲಾ ಕಪಾಳಕ್ಕ ಒತ್ತತಾರೋ ನೋಡೂಣು.

ಪ್ರಭುಲಿಂಗಪ್ಪನಿಗೆ ಚಹಾ ನೆತ್ತಿಗೇರಿತು.

ಪ್ರಭುಲಿಂಗಪ್ಪ: ಮೆಣಸಿನಕಾಯಿನೂ ಬಿಟ್ಟೆ!

ದಾದಾಸಾಬ: ರಾಣೇಬೆನ್ನೂರವರು ಮದವಿಗೆ ನನ್ನ ಹಾರಾನ ಒಯ್ಯತಾರ್ರಿ. ಅವರ ಮಾಲಿಗೂ ಕೈ ಹಚ್ಚಬ್ಯಾಡ್ರಿ.

ಪ್ರಭುಲಿಂಗಪ್ಪ: ಅದನ್ನೂ ಬಿಟ್ಟೆ! ಇನ್ನ ಏನುಳೀತೋ ಮಾರಾಯಾ?

ದಾದಾಸಾಬ: ಪ್ಲಾಸ್ಟಿಕ್ ಹಾರ! ನನ್ನ ಹೊಟ್ಟಿ ಮ್ಯಾಲ ಹೊಡದದ್ದು ಅದ. ಅದನ್ನ ಮಾತ್ರ ಬಿಡಬ್ಯಾಡ್ರಿ.

ಪ್ರಭುಲಿಂಗಪ್ಪ ತೊಲೆಯ ಕಡೆ ನೋಡತೊಡಗಿದ.

ಪ್ರಭುಲಿಂಗಪ್ಪ: ಅದರದ ಸ್ವಲ್ಪ ತೊಡಕೈತಿ. ನಾಳೆ ಸಭಾಕ್ಕ ಬರೋ ಹಿರೇರಿಗೆ ಹಾಕಾಕ ಒಂದು ಪೆಟ್ಟಿಗಿ ಅವನ್ನ ತರಿಸೇನಿ. ನಿನ್ನವು ತುಟ್ಟಿ ನೋಡು.

ದಾದಾಸಾಬ ದೊಡ್ಡ ಹಾರವನ್ನು ಮೆಲ್ಲಗೆ ಎತ್ತಿ ಮತ್ತೆ ಗೂಟಕ್ಕೆ ಹಾಕಿದ.

ರಹಿಮತಬಿ: ಹಂಗಾರ ನಾಕಾದಾಗ ಕುಂತವ ಯಾರ ಹಾದಿ ಕಾಯಬೇಕ್ರಿ?

ಪ್ರಭುಲಿಂಗಪ್ಪ: ಭಾಷಣದಾಗ ಹೇಳಾಕ ಒಂದಾದರೂ ಬೇಕಲ್ಲವಾ! ಹೊರಗಿಂದ ಬಂದದ್ದು, ಯಾರೂ ಮಾಫಿ ಕೇಳದ್ದು, ಏನರ ಉಳದೈತೇನು?

ರಹಿಮತಬಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

ರಹಿಮತಬಿ: ಐತ್ರಿ. ಮನಿ ಅಳಿಯ ಅಂತ ನಮ್ಮಪ್ಪ ಗುತ್ತಲದಿಂದ ತಂದ ಈ ಮಾಲು. ಹಾಕ್ರಿ ಜಕಾತಿ. ಆದರ ನಾ ಕಟ್ಟಾಕಿ ಅಲ್ಲ, ವಾಪಸ್ ಕಳಸಾಕಿ.

ದಾದಾಸಾಬ: ಹಾಕ್ರಿ ಸಾವಕಾರ್ರ, ಹಾಕ್ರಿ. ಗುತ್ತಲದವರೂ ಸಿಟ್ಟಿಗೆದ್ದು ನಾಕಾ ಕಟ್ಟಿದರ ನಾ ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಹಾಸಿಗಿ ಸುತ್ತಗೊಂಡು ನಿಮ್ಮ ಪಡಸಾಲಿಗೇ ಬರತೀನಿ.