ಅಣ್ಣ ತಂದದ್ದೇನು?

ನಮ್ಮ ಹಾಸನ ಜಿಲ್ಲೆಯಲ್ಲಿ ಯಾರಿಂದಲಾದರೂ ಅಭಿಪ್ರಾಯ ಪಡೆಯುವುದು ಸುಲಭ. ಪಡೆದದ್ದು ಏನೆಂದು ತಿಳಿಯುವುದು ಕಷ್ಟ. ಮದುವೆಯ ಊಟ ಹೇಗಿತ್ತೆಂದು ಕೇಳಿ ನೋಡಿ. "ಮಜ್ಜಿಗೆ ಚೆನ್ನಾಗಿತ್ತು" ಎಂದರೆ ಉಳಿದದ್ದನ್ನು ಕೇಳಬೇಡಿ ಎಂದರ್ಥ. ಹೊಸ ಮನೆ ನೋಡಿ ಬಂದವರು "ಗಾಳಿ ಬೆಳಕು ಚೆನ್ನಾಗೈತೆ" ಎಂದರೆ, ಮೇಸ್ತ್ರಿ ಕಟ್ಟದೆ ಬಿಟ್ಟ ಜಾಗವಷ್ಟೇ ಅವರಿಗೆ ಹಿಡಿಸಿದೆ ಎಂದು ತಿಳಿಯಬೇಕು. ಹಾಸನದ ಒಂದು ಸಣ್ಣ ದಿನಪತ್ರಿಕೆಯಲ್ಲಿ ವರದಿಗಾರನಾಗಿದ್ದ ನಾನು ಇದಕ್ಕೊಂದು ಉಪಾಯ ಕಂಡುಕೊಂಡಿದ್ದೆ: ಹೇಳಿದ್ದನ್ನು ಹೇಳಿದ ಹಾಗೇ ಬರೆಯುವುದು, ಅರ್ಥವನ್ನು ಓದುಗರಿಗೆ ಬಿಡುವುದು. ಈ ಶಿಸ್ತನ್ನು ಮನೆಗೂ ತಂದಿದ್ದೆ. "ಸಾರು ಹೇಗಿದೆ?" ಎಂದು ಹೆಂಡತಿ ಸುಮ ಕೇಳಿದರೆ "ಬಿಸಿಯಾಗಿದೆ" ಎನ್ನುತ್ತಿದ್ದೆ. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಎರಡನೆಯ ಸಲ ಸಾರು ಬಡಿಸುವ ಪದ್ಧತಿ ಇರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಸುಮಳ ತಮ್ಮ ಮಹೇಶ ಕಾಲೇಜಿನ ಗೆಳೆಯರನ್ನು ಕಟ್ಟಿಕೊಂಡು 'ಒರಳು' ಎಂಬ ಬ್ಯಾಂಡು ಶುರುಮಾಡಿದ. ಹಳ್ಳಿಯ ಹಾಡುಗಳಿಗೆ ಗಿಟಾರು, ಡ್ರಮ್ಮು, ತಮಟೆ ಸೇರಿಸಿ ಹಾಡುವುದು ಅವರ ಕಸುಬು. ಯಾವ ಕಂಪನಿಯ ನೆರವೂ ಇಲ್ಲದೆ ತಾವೇ ಒಂದು ಕ್ಯಾಸೆಟ್ಟನ್ನೂ ಹೊರತಂದರು. ಹೊಳೆನರಸೀಪುರದಲ್ಲಿದ್ದ ನಮ್ಮ ಮಾವನವರು ನಿವೃತ್ತ ಹೆಡ್‌ಮಾಸ್ತರು. "ಜಾನಪದ ರಾಕ್ ಅಂತೀಯ. ಜಾನಪದ ಸರಿ. ರಾಕ್ ಯಾತಕ್ಕೆ?" ಎಂದು ಕೇಳಿದ್ದರು. ಉತ್ತರಕ್ಕೂ ಕಾಯದೆ ಮಾವನವರು ತೀರ್ಪು ಕೊಟ್ಟರು: "ಕೇಳಿದ ಜನ ಏನಂತಾರೆ ಅಂತ ಪೇಪರಲ್ಲಿ ಬರ್ಲಿ. ಜನ ಒಪ್ಪಿದ್ರೆ ಹಾಡ್ಕೊಂಡಿರು. ಒಪ್ಪದೆ ಹೋದ್ರೆ ಚನ್ನರಾಯಪಟ್ಟಣಕ್ಕೆ ಹೋಗಿ ನಿಮ್ಮ ಮಾವನ ಗೊಬ್ಬರದಂಗಡೀಲಿ ಕೂತ್ಕೊ."

ಪೇಪರು ಎಂದರೆ ಅವರಿಗೆ ನಮ್ಮ ಪತ್ರಿಕೆಯೇ. ಅದು ಈವರೆಗೆ ಯಾರನ್ನೂ ಹೊಗಳಿಲ್ಲವೆಂಬ ಕಾರಣಕ್ಕೆ ಅವರಿಗೆ ಅದರಲ್ಲಿ ನಂಬಿಕೆ. ಕೇಳುಗರ ಅಭಿಪ್ರಾಯ ಸಂಗ್ರಹಿಸುವ ಕೆಲಸ ನನಗೇ ಬಂದಾಗ, ಹುಡುಗ ನನ್ನ ಹೆಂಡತಿಯ ತಮ್ಮನೆಂದು ಸಂಪಾದಕರಿಗೆ ಮೊದಲೇ ತಿಳಿಸಿದೆ. "ಅದಕ್ಕೇ ನೀವು ಹೋಗಿ. ಬೇರೆಯವರು ಹೋದ್ರೆ ನಿಮ್ಮ ಮುಖ ನೋಡಿ ಹೊಗಳಿಬಿಡ್ತಾರೆ" ಎಂದರು. ಸುಮ ಮಾತ್ರ ಅಂದು ಕೇಳದೆಯೇ ಎರಡನೆಯ ಸಲ ಸಾರು ಬಡಿಸಿದಳು. "ನೋಡ್ರೀ, ಅವನಿಗೆ ಯೂರಿಯಾ ವಾಸನೆ ಆಗಲ್ಲ. ಇದ್ದದ್ದನ್ನೇ ಬರೀರಿ, ಆದ್ರೆ ಇರೋದ್ರಲ್ಲಿ ಒಳ್ಳೇದು ಬರೀರಿ."

ಮೊದಲು ಹಾಸನದ ಬಸ್ ನಿಲ್ದಾಣದ ಹತ್ತಿರದ ಕ್ಯಾಸೆಟ್ ಅಂಗಡಿಗೆ ಹೋದೆ. "ಕವರು ಚೆನ್ನಾಗೈತೆ ಸಾ" ಎಂದ ಅಂಗಡಿಯವನು. ಹಾಡು? "ಪ್ಲಾಸ್ಟಿಕ್ಕೂ ಗಟ್ಟಿ ಐತೆ." ಪಕ್ಕದಲ್ಲಿ ಗಂಭೀರವಾಗಿ ಕೇಳುತ್ತ ನಿಂತಿದ್ದ ಗಿರಾಕಿಯೊಬ್ಬರು, ಎಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ ಎಂದರು. ಮಜ್ಜಿಗೆ ಚೆನ್ನಾಗಿತ್ತು ಎಂದ ಹಾಗಾಯಿತು. ಬರೆದುಕೊಂಡೆ. ಮಹೇಶ ಗೊಬ್ಬರದಂಗಡಿಯ ಮೆಟ್ಟಿಲು ಹತ್ತುತ್ತಿರುವುದು ಕಣ್ಣಿಗೆ ಕಟ್ಟಿತು. ಬೇಸರವಾಯಿತು, ಆದರೆ ಅದು ಕೇಳುಗರ ಅಭಿಪ್ರಾಯವಲ್ಲವಾದ್ದರಿಂದ ಬರೆದುಕೊಳ್ಳಲಿಲ್ಲ.

ಮಾರನೆಯ ದಿನ ಅರಕಲಗೂಡಿನಲ್ಲಿ ಕೊಣನೂರಿನ ಖಾಸಗಿ ಬಸ್ಸು ಹತ್ತಿದೆ. ಹಾಡಿನ ಪರೀಕ್ಷೆಗೆ ಖಾಸಗಿ ಬಸ್ಸಿಗಿಂತ ಒಳ್ಳೆಯ ಜಾಗವಿಲ್ಲ; ಕೇಳುಗರು ಎದ್ದು ಹೋಗುವಂತಿಲ್ಲ. ನಾನು ಕೊಟ್ಟ ಒರಳು ಕ್ಯಾಸೆಟ್ಟನ್ನು ಡ್ರೈವರು ಹಾಕಿದ. ಗಿಟಾರು ಮೊದಲಾದಾಗ, ಇಂಜಿನ್ನಿಗೇನೋ ಆಯಿತೆಂದು ಒಬ್ಬರು ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಆ ಹಾಡು ಬಂತು. ತವರಿನಿಂದ ತನ್ನನ್ನು ನೋಡಲು ಅಣ್ಣ ಬಂದಾಗ ತಂಗಿ ಅಳುವ ಹಾಡು ಅದು. ಮಹೇಶನ ಕಂಠದಲ್ಲಿ ಅಣ್ಣ ಹಸಿರು ಬಳೆ ತಂದ. ಮುಂದಿನ ಸೀಟಿನಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಅಜ್ಜಿ ತಟ್ಟನೆ ತಲೆಯೆತ್ತಿದಳು.

"ಯಾವನ್ಲಾ ಅವ್ನು, ಬಳೆ ತಂದ ಅನ್ನೋನು? ಅಣ್ಣ ಎಮ್ಮೆ ಒಡ್ಕೊಂಡು ಬಂದ ಕಣ್ಲಾ!"

"ಅಜ್ಜಿ, ಬಳೆ ಅಂತಲೇ ಆಡ್ತಾವ್ನಲ್ಲಾ" ಎಂದ ಡ್ರೈವರು.

"ಬಳೆ ಒಡೆದೋಯ್ತದೆ. ಎಮ್ಮೆ ಆಲು ಕೊಡ್ತದೆ. ಯಾವ್ದು ತತ್ತಾನೆ ಏಳು, ಬುದ್ಧಿ ಇರೋ ಅಣ್ಣ?"

ಈ ವಾದವನ್ನು ಬಸ್ಸೆಲ್ಲ ಒಪ್ಪಿತು. ಹಿಂದಿನಿಂದ ಒಬ್ಬರು ಮಾತ್ರ, "ಬರೀ ಎಮ್ಮೆ ಅಲ್ಲ ಕಣಜ್ಜಿ, ಕರೂನೂವೆ" ಎಂದು ತಿದ್ದುಪಡಿ ಸೂಚಿಸಿದರು. ಅಜ್ಜಿ ಕಿಟಕಿಯಿಂದ ಎಲೆಅಡಿಕೆ ಉಗಿದು, ಸರಿಯಾದ ಹಾಡು ಯಾವುದೆಂದು ಹಾಡಿಯೇ ತೋರಿಸಿದಳು. ಕರುವಿನ ಪಕ್ಷದವರು ತಮ್ಮದನ್ನು ಹಾಡಿದರು. ಮಹೇಶನ ಡ್ರಮ್ಮಿನ ಮೇಲೆ ಎರಡೂ ಪಕ್ಷಗಳು ಪಾಪ, ಸರಿಯಾಗಿಯೇ ಕೂತವು. ಮುಗಿದ ಮೇಲೆ ಅಜ್ಜಿ ಡ್ರೈವರಿಗೆ, "ಇನ್ನೊಂದ್ಸಲಿ ಆಕ್ಲಾ, ಎಲ್ಲೆಲ್ಲಿ ತೆಪ್ಪು ಅಂತ ಏಳ್ತೀನಿ" ಎಂದಳು. ಕೊಣನೂರು ಬರುವವರೆಗೂ ಅದೇ ಹಾಡು. ಇಳಿಯುವಾಗ ಅಜ್ಜಿಯನ್ನು ಕೇಳಿದೆ: ಒಟ್ಟಿನಲ್ಲಿ ಹೇಗಿದೆ? "ತೆಪ್ಪಾಗೈತೆ" ಎಂದಳು.

ಚನ್ನರಾಯಪಟ್ಟಣದ ಗೊಬ್ಬರದಂಗಡಿಯಲ್ಲಿ ಮಹೇಶನ ಸೋದರಮಾವ ನಂಜಪ್ಪನವರು ನನಗಾಗಿಯೇ ಕಾಯುತ್ತಿದ್ದರು. ಅಂಗಡಿಗೆ ಬರಲಿರುವ ಅಳಿಯ ಮಹೇಶನಿಗೆಂದು ಹೊಸ ಕುರ್ಚಿಯನ್ನೂ ತರಿಸಿದ್ದರು. ಎಮ್ಮೆಯ ವಿಷಯ ಕೇಳಿ ನಕ್ಕರು. "ನಮ್ಮ ಕಡೆ ತಂಗಿ ಮನೆಗೆ ಎಮ್ಮೆ ಹಿಡ್ಕೊಂಡು ಹೋಗೋ ಪದ್ಧತಿ ಇಲ್ಲ. ಅಣ್ಣ ತಂದದ್ದು ರವಿಕೆ ಕಣ, ಹೊಲಿಸ್ಕೊಳ್ಳೋ ಬಟ್ಟೆ. ಹುಡುಗನಿಗೆ ಅಷ್ಟೂ ಗೊತ್ತಿಲ್ಲ, ಅಂಗಡೀಗೆ ಬರ್ಲಿ, ನಾನೇ ಹೇಳಿಕೊಡ್ತೀನಿ" ಎಂದು ಅವರೂ ಹಾಡಿದರು. ಬೇವಿನಹಿಂಡಿ ಕೊಳ್ಳಲು ಬಂದವರು ಹಿಂಡಿ ಮರೆತು ನಿಂತರು.

ವರದಿ ಬರೆದೆ. "ಬಸ್ಸಿನಲ್ಲೂ ಗೊಬ್ಬರದಂಗಡಿಯಲ್ಲೂ ಕೇಳಿದವರು ಸಾಹಿತ್ಯ ತಪ್ಪೆಂದರು. ಸರಿಯಾದದ್ದು ಯಾವುದೆಂದು ತೋರಿಸಲು ಹಾಡಿದರು." ಇದು ನಡೆದದ್ದು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದಕ್ಕೆ ಡೆಸ್ಕಿನವರು 'ಒರಳು ಕ್ಯಾಸೆಟ್: ಕೇಳುಗರ ಆಕ್ಷೇಪ' ಎಂದು ತಲೆಬರಹ ಕೊಟ್ಟರು. ಬೆಳಿಗ್ಗೆ ಸುಮ ಪತ್ರಿಕೆ ಮಡಚಿಟ್ಟು ಕಾಫಿ ಲೋಟವನ್ನು ಮೇಜಿನ ಮೇಲೆ ಇಟ್ಟ ಸದ್ದಿನಲ್ಲೇ ಅವಳ ಆಕ್ಷೇಪವೂ ತಿಳಿಯಿತು. "ಆಯ್ತು, ಅವನನ್ನ ಮೂಟೆ ಹೊರೋಕೆ ಕಳಿಸಿದ್ರಿ" ಎಂದಳು.

ಭಾನುವಾರ ಹೊಳೆನರಸೀಪುರದಲ್ಲಿ ವಿಚಾರಣೆ. ಮಹೇಶ ಫಲಿತಾಂಶಕ್ಕೆ ಕಾದಿರುವ ಹುಡುಗನಂತೆ ಗೋಡೆಗೆ ಒರಗಿ ಕೂತಿದ್ದ. ಬಳೆ ಎಂದು ಹಾಡಲು ಹೇಳಿಕೊಟ್ಟವರು ಯಾರೆಂದು ಕೇಳಿದರೆ, ಸುಮ್ಮನೆ ರಾಗಕ್ಕೆ ಕೂರುತ್ತಿತ್ತು ಎಂದ. ಮಾವನವರು ವರದಿಯನ್ನು ಎರಡು ಸಲ ಓದಿ ಕನ್ನಡಕ ತೆಗೆದರು.

"ಎಮ್ಮೆಯಂತೆ! ರವಿಕೆ ಕಣವಂತೆ! ನಮ್ಮಮ್ಮ ರಾಗಿ ಬೀಸ್ತಾ ಹಾಡೋಳು. ಅಣ್ಣ ಏನೂ ತರಲಿಲ್ಲ. ಬರಿಗೈಲಿ ಬಂದ. ಅದಕ್ಕೇ ತಂಗಿ ಅತ್ತಳು. ಇಲ್ದಿದ್ರೆ ಅಳು ಯಾತಕ್ಕೆ?"

ಹಾಗೆಂದು ಕಣ್ಣು ಮುಚ್ಚಿ ಹಾಡಿಯೇಬಿಟ್ಟರು. ಅಪ್ಪ ಹಾಡುತ್ತಾರೆಂಬುದು ಮಕ್ಕಳಿಗೆ ಅಂದೇ ತಿಳಿದದ್ದು. ಮಹೇಶನ ಬೆರಳುಗಳು ತಮಗೆ ತಾವೇ ನೆಲದ ಮೇಲೆ ತಾಳ ಹಾಕತೊಡಗಿದವು. ಒಳಗಿಂದ ಅತ್ತೆ, "ನಿಮ್ಮ ಮನೇಲಿ ಬರಿಗೈಲೇ ಬರೋದು, ಅದಕ್ಕೇ ಹಾಗೆ ಹಾಡ್ತಿದ್ರು" ಎಂದದ್ದನ್ನು ಯಾರೂ ದಾಖಲಿಸಲಿಲ್ಲ.

"ಅಪ್ಪ, ಹಾಗಾದ್ರೆ ನಾನು ಅಂಗಡೀಗೆ..." ಎಂದ ಮಹೇಶ.

"ತಪ್ಪು ಹಾಡನ್ನ ಜಿಲ್ಲೆಗೆಲ್ಲ ಹಂಚಿಬಿಟ್ಟು ಅಂಗಡೀಲಿ ಹೋಗಿ ಕೂತ್ಕೊಳ್ತೀಯೇನೋ? ಮೊದ್ಲು ತಿದ್ದಿ ಇನ್ನೊಂದು ಕ್ಯಾಸೆಟ್ ಮಾಡು!"

ತಪ್ಪು ಬರೆದವರಿಂದ ಮೂವತ್ತು ವರ್ಷ ಮತ್ತೆ ಮತ್ತೆ ಬರೆಸಿದ ಮಾಸ್ತರು ಬೇರೆ ಏನು ಹೇಳಿಯಾರು! ಸುಮ ನನ್ನ ಕಡೆ ನೋಡಿದಳು, ಈ ಸಲ ಲೋಟವಿಲ್ಲದೆ. ಮಾವನವರು ನನ್ನತ್ತ ತಿರುಗಿ, "ಅಳಿಯಂದ್ರೇ, ನೀವು ಯಾರ ಕಡೆಯೂ ಅಲ್ಲ. ಯಾವುದು ಸರಿ ಅಂತ ನೀವೇ ಹೇಳಿ" ಎಂದರು. ಲಭ್ಯವಿರುವ ಮಾಹಿತಿಯ ಪ್ರಕಾರ ಖಚಿತವಾಗಿ ಹೇಳಲಾಗದು ಎನ್ನಲು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ: "ನಮ್ಮೂರು ನುಗ್ಗೇಹಳ್ಳೀಲಿ ನಮ್ಮಮ್ಮ, ಅಣ್ಣ ಕೊಬ್ಬರಿ ತಂದ ಅಂತ ಹಾಡ್ತಿದ್ರು."

"ನುಗ್ಗೇಹಳ್ಳಿಯೋರಿಗೆ ಎಲ್ಲಾದ್ರಲ್ಲೂ ಕೊಬ್ಬರೀನೇ" ಎಂದರು ಮಾವನವರು. ನಾನು ಬಿಡದೆ ಕೊಬ್ಬರಿಯ ಪರ ವಾದಕ್ಕಿಳಿದೆ; ನಾನು ಅಷ್ಟು ಜೋರಾಗಿ ವಾದಿಸಿದ್ದನ್ನು ಸುಮ ಮದುವೆಯಾದಂದಿನಿಂದ ನೋಡಿರಲಿಲ್ಲವಂತೆ.

ಮಹೇಶ ಜಾಣ. ಅವನ ಎರಡನೆಯ ಕ್ಯಾಸೆಟ್ಟಿನಲ್ಲಿ ಹಾಡುಗಳೆಲ್ಲ ಬೇರೆ ಬೇರೆ ಅಲ್ಲ. ಅದೊಂದೇ ಹಾಡು, ಊರಿಗೊಂದು ರೀತಿ. ಎಮ್ಮೆ, ಕರು, ರವಿಕೆ ಕಣ, ಬರಿಗೈ, ಕೊಬ್ಬರಿ ಎಲ್ಲ ಬಂದವು. ನಂಜಪ್ಪನವರ ಹೊಸ ಕುರ್ಚಿ ಇವತ್ತಿಗೂ ಖಾಲಿ. ಮೊದಲ ಪ್ರತಿಯನ್ನು ನಮ್ಮ ಮನೆಗೇ ತಂದು ಹಾಕಿ, ಎರಡೂ ಕಡೆ ಮುಗಿಯುವವರೆಗೆ ಉಗುರು ಕಚ್ಚುತ್ತ ಕೂತಿದ್ದ ಹುಡುಗ ಕೊನೆಗೆ, "ಭಾವ, ಈಗ ನೀವು ಹೇಳಿ. ವರದಿಗಾರರಾಗಿ ಅಲ್ಲ, ಕೇಳಿದವರಾಗಿ. ಹೇಗಿದೆ?" ಎಂದ.

ಎಷ್ಟು ಚೆನ್ನಾಗಿತ್ತೆಂದರೆ, ತಿರುಗಿಸಿ ಮತ್ತೊಮ್ಮೆ ಹಾಕಬೇಕೆನಿಸಿತ್ತು. ಅದನ್ನೇ ಹೇಳಬೇಕೆಂದುಕೊಂಡು ಅವನ ಕಡೆ ತಿರುಗಿದೆ.

"ಅಲ್ಲಯ್ಯಾ," ಎಂದೆ, "ಎಮ್ಮೇನ ಮೊದಲಿಗೇ ಇಟ್ಟು, ನಮ್ಮ ಕೊಬ್ಬರೀನ ಬಿ ಸೈಡಿನ ಕೊನೇಗೆ ಯಾಕೆ ಹಾಕಿದ್ದೀಯ?"