ಮೂರು ಬಾಲದ ಎಮ್ಮೆ ತೆಗೆದ ಮಾವ

ಸೂರ್ಯ ಹುಟ್ಟುವುದು ಪೂರ್ವದಲ್ಲೇ ಇರಬಹುದು. ಆದರೆ ಪೂರ್ವದಲ್ಲಿ ಎಲ್ಲಿ, ಎಷ್ಟು ಎತ್ತರಕ್ಕೆ ಎಂದು ತೀರ್ಮಾನಿಸುವವರು ತೆರಕಣಾಂಬಿಯಲ್ಲಿರುವ ನಮ್ಮ ಸೋದರಮಾವ. ನಂಬಿಕೆ ಬಾರದಿದ್ದರೆ ಒಂದು ಬೆಳಗ್ಗೆ ಅವರ ಜೊತೆ ಹೊಲದ ಬದುವಿನ ಮೇಲೆ ನಿಂತು ನೋಡಿ. "ಇನ್ನೊಂಚೂರು ಎಡಕ್ಕೆ ಹುಟ್ಟಿದ್ರೆ ಇವನ ಗಂಟೇನು ಓಯ್ತಿತ್ತು?" ಎಂದು ಸೂರ್ಯನನ್ನೇ ಬೈಯುತ್ತಾರೆ.

ಮಾವ ಲೈನ್‌ಮ್ಯಾನ್ ಆಗಿದ್ದವರು. ನಿವೃತ್ತರಾದ ಮೇಲೆ ಒಂದು ಕ್ಯಾಮೆರಾ, ಅದಕ್ಕೊಂದು ಮೂರು ಕಾಲಿನ ಸ್ಟ್ಯಾಂಡು, ಒಂದು ಹಳೆಯ ಲ್ಯಾಪ್‌ಟಾಪು ಕೊಂಡರು. ಅವರ ಓರಗೆಯವರೆಲ್ಲ ಸಂತೆಮರಹಳ್ಳಿ ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುತ್ತಿದ್ದಾಗ ಇವರು ಮೊಬೈಲಿನ ವಿಡಿಯೋ ನೋಡಿ ಎಚ್‌ಡಿಆರ್ ಎಂಬ ಫೋಟೋ ವಿದ್ಯೆ ಕಲಿತರು. ಚಾಮರಾಜನಗರದಿಂದ ನಾನು ಹೋದಾಗಲೆಲ್ಲ ನನಗೂ ಪಾಠ.

"ಏನಿಲ್ಲ ಕಣ್ಲಾ, ಒಂದೇ ಜಾಗವ ಮೂರು ಸಲ ಹೊಡೀಬೇಕು. ಒಂದು ಕಪ್ಪಗೆ, ಒಂದು ಹದವಾಗಿ, ಒಂದು ಬೆಳ್ಳಗೆ. ಮೂರನ್ನೂ ಕಲೆಸ್ಬುಟ್ರೆ ಮೋಡವೂ ಕಾಣ್ತದೆ, ನೆರಳಲ್ಲಿರೋದೂ ಕಾಣ್ತದೆ."

ಕಲೆಸಿದ್ದೇನೋ ನಿಜ. ಮೊದಮೊದಲ ಚಿತ್ರಗಳಲ್ಲಿ ಗೋಪಾಲಸ್ವಾಮಿ ಬೆಟ್ಟ ನೇರಳೆ ಬಣ್ಣಕ್ಕಿತ್ತು. ಮೋಡಗಳು ಸುಟ್ಟ ಬದನೆಕಾಯಿಯಂತೆ ತೂಗುತ್ತಿದ್ದವು. ಬೆಟ್ಟದ ಅಂಚಿಗೆ ದೇವರ ಪಟದ ಪ್ರಭಾವಳಿಯ ಹಾಗೆ ಬಿಳಿ ಗೆರೆ ಬೇರೆ. ಅತ್ತೆ ಅಕ್ಕಿ ಆರಿಸುತ್ತಲೇ ಒಮ್ಮೆ ಕಣ್ಣೆತ್ತಿ, "ಇದೇನು ಕಣಿ, ಆಕಾಶವ ಒಗ್ದು ನೀಲಿ ಜಾಸ್ತಿ ಹಾಕ್ಬುಟ್ಟಿದ್ದೀರಿ" ಎಂದರು.

ಮೂರು ಸಲ ಹೊಡೆಯುವಷ್ಟು ಹೊತ್ತು ಬೆಟ್ಟವೇನೋ ಅಲುಗದೆ ನಿಲ್ಲುತ್ತದೆ. ಎಮ್ಮೆ ನಿಲ್ಲುತ್ತದೆಯೇ? ಕೆರೆಯ ಏರಿಯ ಮೇಲೆ ತೆಗೆದ ಎಮ್ಮೆಗೆ ಮೂರು ಬಾಲ ಬಂದವು. ಎಮ್ಮೆಯ ಯಜಮಾನ ಆ ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಮಾತು: "ಅಣ್ಣೋ, ಹಾಲೂ ಇಂಗೇ ಮೂರ್ಪಟ್ಟು ಬರೋ ಹಂಗೆ ಮಾಡಕ್ಕಾಯ್ತದಾ?"

ಆಮೇಲೆ ಚೌಕಟ್ಟಿನ ಹುಚ್ಚು ಹತ್ತಿತು. ಮುಖ್ಯವಾದದ್ದು ನಡುವೆ ಇರಬಾರದಂತೆ, ಮೂರರಲ್ಲೊಂದು ಪಾಲು ಸರಿದು ಒಂದು ಪಕ್ಕಕ್ಕಿರಬೇಕಂತೆ. ಸರಿ, ಊಟದ ತಟ್ಟೆಯ ನಡುವಿದ್ದ ಮುದ್ದೆ ಅಂಚಿಗೆ ಸರಿಯಿತು, ಸಾರು ನೆಲಕ್ಕಿಳಿಯಿತು. ನನ್ನ ಮಗಳ ನಾಮಕರಣದ ಫೋಟೋದಲ್ಲಿ ಮಗು ಮೂಲೆಗೆ ಹೋಗಿ, ಉಳಿದ ಜಾಗವೆಲ್ಲ ಸುಣ್ಣದ ಗೋಡೆಯಾಯಿತು. "ಖಾಲಿ ಜಾಗಕ್ಕೂ ಮಾತಾಡಕ್ಕೆ ಬುಡಬೇಕು ಕಣ್ಲಾ" ಎಂದರು. ಆ ಗೋಡೆ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ.

ಅವರ ಪರಮ ಶತ್ರು ಎಂದರೆ ಕರೆಂಟಿನ ತಂತಿ. ಒಮ್ಮೆ ಗುಂಡ್ಲುಪೇಟೆ ರಸ್ತೆಯಲ್ಲಿ ಸೂರ್ಯಕಾಂತಿ ಹೊಲದ ಮುಂದೆ ಸ್ಟ್ಯಾಂಡು ನೆಟ್ಟು, ಕಣ್ಣು ಕಿರಿದು ಮಾಡಿ ನೋಡಿ, ಗುಡುಗಿದರು: "ಇಂಥಾ ಜಾಗದಲ್ಲಿ ಕಂಬ ನೆಟ್ಟೋನು ಯಾವನ್ಲಾ?"

"ನೀವೇ ಮಾವ" ಎಂದೆ.

ಮಾವ ಕಂಬವನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. "ನೆಟ್ಟಗೆ ಮಾತ್ರ ನೆಟ್ಟಿವ್ನಿ" ಎಂದು ಸ್ಟ್ಯಾಂಡನ್ನು ಎತ್ತಿಕೊಂಡು ಮುಂದೆ ನಡೆದರು.

ಹೀಗೆ ನಡೆದು ನಡೆದೇ ಅವರ ಕೈ ಹದಕ್ಕೆ ಬಂತು. ಬಣ್ಣ ಸುರಿಯುವುದು ನಿಂತು, ಕಾಯುವುದು ಶುರುವಾಯಿತು. ಮಂಜು ಬೆಟ್ಟದಿಂದಿಳಿದು ಚೆಂಡುಹೂವಿನ ಸಾಲುಗಳ ಮೇಲೆ ಮಲಗಿ, ಬಿಸಿಲು ಬರಲೋ ಬೇಡವೋ ಎಂದು ನಿಂತಿರುವ ಆ ಗಳಿಗೆ ಇದೆಯಲ್ಲ, ಅದನ್ನು ಅವರು ಇದ್ದ ಹಾಗೇ ಎತ್ತಿ ತರುತ್ತಿದ್ದರು. ನೋಡುತ್ತಿದ್ದರೆ ಅರೆನಿದ್ದೆಯಲ್ಲಿ ಯಾರೋ ತಣ್ಣನೆ ಕೈಯಿಂದ ಹಣೆ ಮುಟ್ಟಿದಂತಾಗುತ್ತಿತ್ತು. ಗುಂಡ್ಲುಪೇಟೆಯ ಸ್ಟುಡಿಯೋದವರು ಒಂದು ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ದಿನಾ ಅದೇ ದಾರಿಯಲ್ಲಿ ಓಡಾಡುವವರು "ಇದು ಯಾವ ದೇಶ ಸಾರ್?" ಎಂದು ಕೇಳುತ್ತಿದ್ದರಂತೆ.

ಅಷ್ಟರಲ್ಲಿ ಅತ್ತೆಯ ಕಣ್ಣು ಮಸುಕಾಗತೊಡಗಿತು. ಮೈಸೂರಿನ ಡಾಕ್ಟರು, ಕಣ್ಣಿನ ಹಿಂದಿನ ಪರದೆಯೇ ಸವೆಯುತ್ತಿದೆ, ನಿಧಾನ ಮಾಡಬಹುದು, ನಿಲ್ಲಿಸಲಾಗದು ಎಂದರು. ಬಿಸಿಲಿಗೆ ಹೋದರೆ ಕಣ್ಣು ಕುಕ್ಕುತ್ತಿತ್ತು, ನೆರಳಿಗೆ ಬಂದರೆ ಏನೂ ಕಾಣುತ್ತಿರಲಿಲ್ಲ. ಕೆಲವು ತಿಂಗಳ ಮೇಲೆ ಸ್ಟುಡಿಯೋದವರು ನನಗೆ ಫೋನು ಮಾಡಿದರು: "ಸಾರ್, ನಿಮ್ಮ ಮಾವ ಕೆಡ್ತಾವ್ರೆ. ಮತ್ತೆ ಬೆಟ್ಟ ನೇರಳೆ ಆಗ್ಬುಟ್ಟದೆ."

ಬಸ್ಸು ಹಿಡಿದು ಹೋದೆ. ಮಧ್ಯಾಹ್ನದ ಹೊತ್ತು. ನಡುಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತಿದ್ದರು. ಪರದೆಯ ಮೇಲೆ ಹೊಲ, ಹೊಲದಾಚೆ ಒಂದು ದೊಡ್ಡ ಹುಣಸೆಮರ, ಅದರ ಹಿಂದೆ ಅದೇ ನೇರಳೆ ಬೆಟ್ಟ. ಮಾವ ನೆರಳಿದ್ದ ಕಡೆಯ ಬೆಳಕನ್ನು ಒಂದೊಂದೇ ಗೆರೆ ಏರಿಸುತ್ತಿದ್ದರು.

"ಈಗ?"

"ಊಹೂಂ."

"ಈಗ?"

"ಮರ ಬಂತು." ಅತ್ತೆ ಮೂಗು ತಾಗುವಷ್ಟು ಮುಂದೆ ಬಾಗಿದರು. "ಬುಡದಲ್ಲಿ ಯಾರೋ ಕೂತವ್ರೆ. ಯಾರು ಕಣಿ ಅದು?"

ನನಗೆ ಅಲ್ಲಿಯವರೆಗೆ ಅಲ್ಲಿ ಯಾರೂ ಕಂಡಿರಲಿಲ್ಲ.

"ನೀನೇ ಕಣಮ್ಮಿ. ಮೊನ್ನೆ ಬುತ್ತಿ ತಂದು ಕೂತಿದ್ಯಲ್ಲ."

ಅತ್ತೆ ಬಹಳ ಹೊತ್ತು ನೋಡಿದರು. ಬೆರಳಿನಿಂದ ತಮ್ಮ ಮುಖವನ್ನು ಮುಟ್ಟಿದರು, ಪರದೆಯ ಮೇಲಿನದನ್ನು. "ಇಷ್ಟೊಂದು ಮುದುಕಿ ಆಗ್ಬುಟ್ನಾ?"

"ಇಲ್ಲ ಬುಡು. ನಾನೇ ಬೆಳಕ ಜಾಸ್ತಿ ಎತ್ಬುಟ್ಟಿವ್ನಿ" ಎಂದರು ಮಾವ.

ಆದರೆ ಕಡಿಮೆ ಮಾಡಲಿಲ್ಲ.