ಡೀಸೆಲ್ಲಿಗೂ ತೂಕವಿದೆ

ಮರಳು ಹಿಂಡಿ ಎಣ್ಣೆ ತೆಗೆದ ಮಹಾನುಭಾವರು ಹಿಂದೆ ಇದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನಂತೂ ಒಂದು ಬೆಳಗ್ಗೆ, ಬಾಯಲ್ಲಿ ಇನ್ನೂ ಬ್ರಷ್ಷು ಇರುವಾಗಲೇ, ನಮ್ಮ ಡೀಸೆಲ್ ಪಿಕಪ್ಪನ್ನು ಹಿಂಡಿ ಲೀಟರಿಗೆ ಹನ್ನೆರಡು ಕಿಲೋಮೀಟರ್ ತೆಗೆದೇ ತೀರುತ್ತೇನೆಂದು ಘೋರ ಪ್ರತಿಜ್ಞೆ ಮಾಡಿದೆ. ನೊರೆ ಹಾರಿ ಕನ್ನಡಿಗೆ ಬಿತ್ತು. ಪ್ರತಿಜ್ಞೆಯ ಗಾಂಭೀರ್ಯಕ್ಕೆ ಬಂದ ಕುಂದು ಅಷ್ಟೇ.

ನಮ್ಮದು ಹಾಸಿಗೆ ಅಂಗಡಿ. ಹತ್ತಿ ತುಂಬಿ ಹೊಲಿಯುವವಳು ಹೆಂಡತಿ, ಗಾಡಿಯಲ್ಲಿ ಹೇರಿ ಮನೆಮನೆಗೆ ತಲುಪಿಸುವವನು ನಾನು. ದಬ್ಬಣ ಅವಳದು, ಸ್ಟಿಯರಿಂಗ್ ನನ್ನದು. ಇಪ್ಪತ್ತೆರಡು ವರ್ಷಗಳಿಂದ ಈ ಗಡಿರೇಖೆಯನ್ನು ಯಾರೂ ದಾಟಿರಲಿಲ್ಲ. ಆದರೆ ಅವಳು ಯಾವಾಗಲೋ ಗುಟ್ಟಾಗಿ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದು ದೇವರ ಪಟದ ಪಕ್ಕದಲ್ಲಿಟ್ಟಳು. ಅಂದಿನಿಂದ ಗಾಡಿಯ ಮೈಲೇಜಿನ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಅಕ್ಕರೆ ಹುಟ್ಟಿತು. ಲೀಟರಿಗೆ ಒಂಬತ್ತು ಕೊಡುತ್ತಿದೆ, ಸಾಗಿಸುವುದು ಹತ್ತಿ, ಕುಡಿಯುವುದು ಮಾತ್ರ ಕಬ್ಬಿಣದ ಲಾರಿಯ ಹಾಗೆ ಎಂದು ದಿನಾ ಊಟಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಹೇಳುವಳು.

“ಹಳೇ ಗಾಡಿ, ಕುಡಿಯುತ್ತೆ ಕಣೇ,” ಎಂದೆ ಆ ಬೆಳಗ್ಗೆ.

“ಗಾಡಿ ತಾನಾಗಿ ಕುಡಿಯಲ್ಲ ರೀ. ಓಡಿಸೋರು ಕುಡಿಸ್ತಾರೆ.”

ಗಂಡಸಾದವನು ಇದನ್ನು ಕೇಳಿಯೂ ಬ್ರಷ್ಷು ತಿರುಗಿಸುತ್ತ ನಿಲ್ಲಲಾದೀತೇ? ಇವತ್ತು ಲಾಡ್ಜಿಗೆ ಹಾಸಿಗೆ ತಲುಪಿಸುವಷ್ಟರಲ್ಲಿ ಹನ್ನೆರಡು ಬರದಿದ್ದರೆ ಗಾಡಿಯ ಕೀಲಿ ನಿನ್ನದು ಎಂದುಬಿಟ್ಟೆ.

“ಆಮೇಲೆ ನೀವೇನು ಮಾಡ್ತೀರಿ?”

“ದಬ್ಬಣ ಹಿಡೀತೀನಿ.”

ಬಾಯಿಂದ ಬಿದ್ದ ಮಾತು ಮುತ್ತಲ್ಲ, ಬಾಂಬು! ನಾನು ಶರ್ಟಿನ ಗುಂಡಿ ಹೊಲಿಯಲು ಕೂತರೆ ಶರ್ಟು ಪ್ಯಾಂಟಿಗೆ ಸೇರಿ ಹೋಗುತ್ತದೆ. ಅವಳು ನಕ್ಕು, ಲೆಕ್ಕ ನೋಡಲು ತಾನೂ ಗಾಡಿಯಲ್ಲಿ ಬರುವುದಾಗಿ ಹೇಳಿ ಸೀರೆ ಬದಲಿಸಲು ಹೋದಳು.

ಮೈಲೇಜಿನ ಮೊದಲ ಶತ್ರು ಭಾರ. ಶತ್ರುಸಂಹಾರ ಶುರು ಮಾಡಿದೆ. ಜಾಕಿ ಇಳಿಯಿತು, ಸ್ಟೆಪ್ನಿ ಇಳಿಯಿತು, ಸೀಟಿನ ಕೆಳಗಿದ್ದ ಸ್ಪ್ಯಾನರುಗಳ ಡಬ್ಬಿ ಇಳಿಯಿತು. ಕೊನೆಗೆ ಭಾವಮೈದುನನೂ ಇಳಿದ. ಹಾಸಿಗೆ ಏರಿಸಿ ಇಳಿಸುವ ಕೆಲಸ ಅವನದು. ಅವನು ಹಿಂದಿನಿಂದ ಕೆಳಗೆ ಧುಮುಕಿದಾಗ ಗಾಡಿ ನಾಲ್ಕು ಬೆರಳು ಮೇಲೆದ್ದು ನಿಟ್ಟುಸಿರು ಬಿಟ್ಟಿತು. ಅಷ್ಟರಲ್ಲಿ ಹೆಂಡತಿ ಬಂದು ಪಕ್ಕದ ಸೀಟಿನಲ್ಲಿ ಕೂತಳು. ಭಾರದ ಬಗ್ಗೆ ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಮುಖ ನೋಡಿ ಅದನ್ನು ಅಲ್ಲೇ ನುಂಗಿಕೊಂಡೆ. ನನಗೂ ಜೀವದ ಮೇಲೆ ಆಸೆಯಿದೆ.

ಪಂಪಿಗೆ ಹೋದಾಗ ಟ್ಯಾಂಕು ತಳ ಕಂಡಿತ್ತು. ಅಲ್ಲಿ ನನಗೆ ಜ್ಞಾನೋದಯವಾಯಿತು: ಡೀಸೆಲ್ಲಿಗೂ ತೂಕವಿದೆ! ಟ್ಯಾಂಕು ತುಂಬ ತುಂಬಿಸಿಕೊಂಡು ಊರೂರು ಹೊತ್ತು ತಿರುಗುವ ಮೂರ್ಖರನ್ನು ನೆನೆದು ಮರುಕವಾಯಿತು. ಲಾಡ್ಜಿಗೆ ಮೂವತ್ತಾರು ಕಿಲೋಮೀಟರ್. ಹನ್ನೆರಡರ ಲೆಕ್ಕದಲ್ಲಿ ಮೂರು ಲೀಟರ್ ಸಾಕು. ನಾಲ್ಕನೆಯದು ನನ್ನ ಔದಾರ್ಯ.

“ನಾಲ್ಕು ಲೀಟರ್ ಹಾಕಪ್ಪ.”

“ಕ್ಯಾನಿಗಾ ಸಾರ್?” ಎಂದ ಪಂಪಿನವನು.

ಜ್ಞಾನಿಗಳನ್ನು ಲೋಕ ನಡೆಸಿಕೊಂಡದ್ದೇ ಹೀಗೆ. ಹೆಂಡತಿ ಹಾಸಿಗೆ ಕಟ್ಟಿದ ಹಗ್ಗ ಬಿಗಿಯಾಗಿದೆಯೇ ನೋಡುತ್ತೇನೆಂದು ಇಳಿದು, ಹಿಂದೆ ಪಂಪಿನವನ ಹತ್ತಿರ ಏನೋ ಮಾತಾಡಿ ಬಂದಳು. ನಾನು ಗಮನ ಕೊಡಲಿಲ್ಲ. ನನ್ನ ಗಮನವೆಲ್ಲ ಎದುರಿನ ಮೀಟರುಗಳ ಮೇಲಿತ್ತು. ಡೀಸೆಲ್ಲಿನ ದೀಪ ಕಣ್ಣು ಕೆಂಪಗೆ ಮಾಡಿಕೊಂಡು ನನ್ನನ್ನೇ ದುರುಗುಟ್ಟುತ್ತಿತ್ತು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಕೆಂಪು ಕಣ್ಣು ಹೊಸದೇ? ಹೊರಟೆ.

ಆಹಾ, ಆ ಸವಾರಿಯನ್ನು ಏನೆಂದು ಬಣ್ಣಿಸಲಿ! ಮಲಗಿದ ಮಗುವಿನ ಬೆನ್ನು ತಟ್ಟುವಷ್ಟು ಮೆತ್ತಗೆ ಆಕ್ಸಿಲರೇಟರ್ ಒತ್ತಿದೆ. ಬ್ರೇಕಿಗೆ ಕಾಲಿಡಲಿಲ್ಲ. ಎಸಿ ಡೀಸೆಲ್ ತಿನ್ನುತ್ತದೆಂದು ಬಂದ್, ಗಾಳಿ ನುಗ್ಗಿದರೆ ಗಾಡಿ ಹಿಂದಕ್ಕೆ ಜಗ್ಗುತ್ತದೆಂದು ಗಾಜೂ ಬಂದ್. ಒಳಗೆ ನಾವಿಬ್ಬರೂ ಇಡ್ಲಿಯ ಹಾಗೆ ಬೇಯುತ್ತಿದ್ದೆವು. ಹೆಂಡತಿ ದಿಂಬಿನ ಕವರಿನಲ್ಲಿ ಗಾಳಿ ಹಾಕಿಕೊಳ್ಳುತ್ತ, ಸೈಕಲ್ಲಿನ ಮೇಲೆ ಹೋಗುತ್ತಿದ್ದ ಅಜ್ಜ ನಮ್ಮನ್ನು ದಾಟಿದ್ದನ್ನು ನನ್ನ ಗಮನಕ್ಕೆ ತಂದಳು. ಹಿಂದಿನಿಂದ ಹಾರ್ನುಗಳ ಮಂಗಳವಾದ್ಯ ಮೊಳಗುತ್ತಿತ್ತು.

ದಾರಿಯಲ್ಲಿ ಚಕ್ರಗಳಿಗೆ ಗಾಳಿ ತುಂಬಿಸಲು ನಿಂತೆ. ಚಕ್ರ ಮೆತ್ತಗಿದ್ದರೆ ಮೈಲೇಜು ಇಳಿಯುತ್ತದೆ, ತಿಳಿದಿರಲಿ. ಅಲ್ಲಿ ಸಾಲಿತ್ತು. ಮುಂದೆ ರೈಲ್ವೆ ಗೇಟು ಬಿದ್ದಿತ್ತು. ಅಕ್ಕಪಕ್ಕದ ಗಾಡಿಗಳೆಲ್ಲ ಇಂಜಿನ್ ಆರಿಸಿ ತೆಪ್ಪಗೆ ನಿಂತಿದ್ದವು. ನಮ್ಮದೊಂದೇ ಗುರುಗುರು ಅನ್ನುತ್ತಿತ್ತು. ಹೆಂಡತಿ ಕೀಲಿಗೆ ಕೈ ಚಾಚಿದಳು. ನಾನು ತಡೆದೆ.

“ಡೀಸೆಲ್ ಇಂಜಿನ್ ಅಂದ್ರೆ ಎಮ್ಮೆ ಇದ್ದ ಹಾಗೆ ಕಣೇ. ಮಲಗಿಸಿದ್ರೆ ಎಬ್ಬಿಸೋದಕ್ಕೇ ಜಾಸ್ತಿ ಖರ್ಚು. ನಿಂತೇ ಇರ್ಲಿ.”

“ನಿಂತ ಎಮ್ಮೆ ಮೇಯಲ್ವಾ?”

“ಮೆಲುಕು ಹಾಕುತ್ತೆ ಅಷ್ಟೆ.”

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅವಳು ಇಷ್ಟು ಸುಲಭವಾಗಿ ಸೋತಾಗ ಹೆದರಬೇಕು ಎಂಬ ಪಾಠ ಆ ಹೊತ್ತಿನಲ್ಲಿ ಮರೆತೇಹೋಗಿತ್ತು.

ಲಾಡ್ಜಿಗೆ ಇನ್ನೆರಡೇ ಕಿಲೋಮೀಟರ್. ಅಲ್ಲಿ ಪಿಕಪ್ಪಿನವರೆಲ್ಲ ಸೇರುವ ಟೀ ಅಂಗಡಿಯಿದೆ. ನಮ್ಮ ಗಾಡಿಯ ಕುಡಿತ ನೋಡಿ ನನಗೆ ‘ಟ್ಯಾಂಕರ್’ ಎಂದು ಅಡ್ಡಹೆಸರಿಟ್ಟ ಮಹಾಶಯರು ಇವರೇ. ಗೆಲುವು ಕಣ್ಣೆದುರಿಗಿರುವಾಗ ಅವರನ್ನು ಕಾಣದೆ ಹೇಗೆ ಮುಂದೆ ಹೋಗಲಿ? ಗಾಡಿ ನಿಲ್ಲಿಸಿ, ಎಮ್ಮೆಯನ್ನು ನಿಂತಲ್ಲೇ ಬಿಟ್ಟು, ಇಳಿದೆ.

“ಏನ್ ಟ್ಯಾಂಕರಣ್ಣ, ಬೆವರಲ್ಲಿ ಸ್ನಾನ ಮಾಡ್ಕೊಂಡ್ ಬಂದಿದೀರಿ?” ಎಂದ ಒಬ್ಬ.

ಅಷ್ಟು ಸಾಕಿತ್ತು. ಬೆಂಚು ಹತ್ತಿ ನಿಲ್ಲುವುದೊಂದು ಬಾಕಿ. ಭಾರ, ಗಾಳಿ, ಚಕ್ರ, ಗೇರು, ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ದುಶ್ಚಟ, ಹೀಗೆ ಒಂದೊಂದನ್ನೇ ಎಳೆಎಳೆಯಾಗಿ ಬಿಡಿಸಿದೆ. ಒಂದು ಟೀ ಮುಗಿಯಿತು, ಎರಡನೆಯದು ಬಂತು. ಡೀಸೆಲ್ಲಿನ ತೂಕದ ಸಿದ್ಧಾಂತಕ್ಕೆ ಬರುವಷ್ಟರಲ್ಲಿ ಸುತ್ತ ಏಳೆಂಟು ಜನ. ಗಾಡಿಯೊಳಗಿಂದ ಹೆಂಡತಿ ಒಮ್ಮೆ ಕೀಲಿಯತ್ತ ಬೆರಳು ತೋರಿಸಿ ಇಂಜಿನ್ ಆರಿಸಲೇ ಎಂದು ಸನ್ನೆ ಮಾಡಿದಳು. ಬೇಡವೆಂದು ಕೈಯಾಡಿಸಿ ಉಪಸಂಹಾರಕ್ಕೆ ಇಳಿದೆ.

“ಒಟ್ಟಿನಲ್ಲಿ ಒಂದು ಹನಿ ಡೀಸೆಲ್ಲೂ ದಂಡವಾಗದ ಹಾಗೆ ನೋಡ್ಕೊಳ್ಳೋದೇ...”

ನನ್ನ ದನಿ ಇದ್ದಕ್ಕಿದ್ದಂತೆ ಬಹಳ ದೊಡ್ಡದಾಗಿ ಕೇಳಿಸಿತು. ಜನ ಮೆಚ್ಚಿ ಮೂಕರಾದರೇನೋ ಎಂದುಕೊಂಡೆ. ಅವರೆಲ್ಲ ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. ಗಾಡಿ ಎರಡು ಸಲ ಕೆಮ್ಮಿ, ಮೈ ಕೊಡವಿ, ಕಣ್ಣುಮುಚ್ಚಿತ್ತು.

ಹೆಂಡತಿ ಗಾಜು ಇಳಿಸಿದಳು. “ರೀ, ಎಮ್ಮೆ ಮೇದು ಮುಗಿಸ್ತು ಅನ್ಸುತ್ತೆ.”

ಟೀ ಅಂಗಡಿಯವನು ನಗು ತಡೆಯಲಾರದೆ ಒಲೆಯ ಕಡೆ ತಿರುಗಿದ. ನಾಲ್ಕು ಲೀಟರ್ ಕುಡಿದು ಮೂವತ್ತನಾಲ್ಕು ಕಿಲೋಮೀಟರ್! ಒಂಬತ್ತು ಕೊಡುತ್ತಿದ್ದ ಗಾಡಿ ನನ್ನ ತಪಸ್ಸಿನ ಫಲವಾಗಿ ಎಂಟೂವರೆಗೆ ಇಳಿದಿತ್ತು.

ಅವಳು ನಿಧಾನವಾಗಿ ಇಳಿದು, ಹಿಂದೆ ಹೋಗಿ, ಹಾಸಿಗೆಗಳ ಸಂದಿಯಿಂದ ಒಂದು ಕ್ಯಾನು ಎಳೆದಳು. ಐದು ಲೀಟರ್ ಡೀಸೆಲ್.

“ಇದು ಯಾವಾಗ?” ಎಂದೆ.

“ಪಂಪಲ್ಲೇ. ಹೇಳಿದ್ರೆ ಭಾರ ಅಂತ ಇಳಿಸಿಬಿಡ್ತಿದ್ರಿ.”

ಡೀಸೆಲ್ ಹುಯ್ದರೂ ಗಾಡಿ ಏಳಲಿಲ್ಲ. ಒಮ್ಮೆ ಪೂರ್ತಿ ಖಾಲಿಯಾದರೆ ಪೈಪಿನಲ್ಲಿ ಗಾಳಿ ಸೇರಿಕೊಳ್ಳುತ್ತದೆ. ಬಾನೆಟ್ ಎತ್ತಿ, ಒಳಗಿನ ಪುಟ್ಟ ಕೈಪಂಪನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಆ ಗಾಳಿ ಓಡಿಸಬೇಕು. ಸ್ಪ್ಯಾನರು ಮನೆಯಲ್ಲಿ. ಎರವಲು ತಂದುಕೊಟ್ಟವರು ನನ್ನ ಶ್ರೋತೃಗಳು. ನಾನು ಒತ್ತುತ್ತಿದ್ದೆ, ಅವರು ನಾನು ಹೇಳಿದ ಸೂತ್ರಗಳನ್ನೇ ನನಗೆ ತಿರುಗಿ ಒಪ್ಪಿಸುತ್ತಿದ್ದರು. ಕೊನೆಗೂ ಗಾಡಿ ಎದ್ದು ನಿಂತಾಗ ಡ್ರೈವರ್ ಸೀಟಿನಲ್ಲಿ ಸೆರಗು ಸಿಕ್ಕಿಸಿಕೊಂಡು ಕೂತಿದ್ದವಳು ಹೆಂಡತಿ. ನಾನು ಬಳಸಿಕೊಂಡು ಹೋಗಿ ಆ ಕಡೆಯ ಬಾಗಿಲು ತೆಗೆದೆ.

ಲಾಡ್ಜಿನ ಮುಂದೆ ಅವಳು ಮಾಡಿದ ಮೊದಲ ಕೆಲಸ ಇಂಜಿನ್ ಆರಿಸಿದ್ದು. ಎರಡನೆಯದು, ಮೂರನೆಯ ಮಹಡಿಯ ಕಡೆ ಬೆರಳು ತೋರಿಸಿದ್ದು. ಭಾವಮೈದುನ ಎಲ್ಲಿದ್ದಾನೆಂಬುದು ನನಗೆ ಆಗ ನೆನಪಾಯಿತು. ಇಪ್ಪತ್ತು ಹಾಸಿಗೆ! ಹತ್ತಿ ಹಗುರ ಎಂದವನು ಎಲ್ಲಿದ್ದರೂ ನನ್ನೆದುರು ಬರಲಿ.

ಈಗ ಗಾಡಿ ಅವಳ ಕೈಯಲ್ಲಿದೆ. ಲೀಟರಿಗೆ ಹನ್ನೆರಡೂವರೆ ಕೊಡುತ್ತಿದೆಯಂತೆ. ಜಾಕಿ, ಸ್ಟೆಪ್ನಿ, ಭಾವಮೈದುನ, ಎಲ್ಲರನ್ನೂ ಹೇರಿಕೊಂಡೇ! ನಾನು ಅಂಗಡಿಯಲ್ಲಿ ದಬ್ಬಣ ಹಿಡಿದು ಕೂತಿದ್ದೇನೆ. ಮೊನ್ನೆ ದಿಂಬು ಕೊಳ್ಳಲು ಬಂದವರೊಬ್ಬರಿಗೆ ಈ ಹನ್ನೆರಡೂವರೆಯ ಹಿಂದಿರುವ ನಿಜವಾದ ಕಾರಣಗಳನ್ನು ವಿವರಿಸುತ್ತಿದ್ದೆ. ರಸ್ತೆ ಹೊಸದಾಗಿದೆ, ಹವೆ ತಂಪಾಗಿದೆ, ಇತ್ಯಾದಿ. ಮಾತು ರಂಗೇರಿದಂತೆ ದಬ್ಬಣ ಗಾಳಿಯಲ್ಲೇ ನಿಂತಿತ್ತು. ತೊಡೆಯ ಮೇಲಿನ ಹಾಸಿಗೆ ಬೆಳಗ್ಗೆ ಎಲ್ಲಿತ್ತೋ ಅಲ್ಲೇ ಇತ್ತು.

ಹೊರಗೆ ಗಾಡಿ ಬಂದು ನಿಂತಿತು. ಸದ್ದು ತಕ್ಷಣ ನಿಂತಿತು. ಹೆಂಡತಿ ಕೀಲಿ ಆಡಿಸುತ್ತ ಒಳಗೆ ಬಂದು, ನನ್ನನ್ನೂ ಹಾಸಿಗೆಯನ್ನೂ ಒಮ್ಮೆ ನೋಡಿದಳು.

“ರೀ, ನಿಂತಲ್ಲೇ ಎಷ್ಟು ಹೊತ್ತಿಂದ ಓಡ್ತಿದೀರಿ? ಇಂಜಿನ್ ಆಫ್ ಮಾಡಿ, ಹೊಲೀರಿ.”